ನೋಡಿದ್ದು, ತಿಂದದ್ದು, ಬರೆಯದೆ ಬಿಟ್ಟದ್ದು

ಅಮೆರಿಕಕ್ಕೆ ಹೋಗಿ ಬಂದವರು ಪುಸ್ತಕ ಬರೆಯುವುದು ಕನ್ನಡದಲ್ಲಿ ಹಳೆಯ ರೂಢಿ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ‘ಅಮೆರಿಕದಲ್ಲಿ ನಾನು’ ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆ ಮೇಲೆ ಕಂಪ್ಯೂಟರ್ ಕಾಲ ಬಂದು ಮಕ್ಕಳು ಅಲ್ಲಿಗೆ ಹೋಗಿ ನೆಲೆಸತೊಡಗಿದಂತೆ, ಆರು ತಿಂಗಳ ವೀಸಾದಲ್ಲಿ ಹೋಗಿ ಬಂದ ತಂದೆತಾಯಂದಿರು, ಸಮ್ಮೇಳನಕ್ಕೆ ಹೋದ ಸಾಹಿತಿಗಳು, ರಜೆಯಲ್ಲಿ ಕಾರು ಓಡಿಸಿದ ಎಂಜಿನಿಯರರು ಎಲ್ಲರೂ ಬರೆದರು. ಈ ಬರವಣಿಗೆಗೆ ಈಗ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ. ವಿಮಾನ ನಿಲ್ದಾಣ, ಅಗಲವಾದ ರಸ್ತೆ, ಹಾರ್ನ್ ಹೊಡೆಯದ ವಾಹನಗಳು, ಎತ್ತರದ ಕಟ್ಟಡ, ನಯಾಗರ, ಒಬ್ಬರೇ ತಿನ್ನಲಾಗದಷ್ಟು ದೊಡ್ಡ ಪಿಜ್ಜಾ, ಕೊನೆಗೆ ಯಾರೋ ಕನ್ನಡಿಗರ ಮನೆಯಲ್ಲಿ ಸಿಕ್ಕ ಅನ್ನ ಸಾರು. ಓದುತ್ತಾ ಹೋದರೆ ಬೇಸರವಾಗುವುದಿಲ್ಲ. ಆದರೆ ಮುಗಿಸಿದ ಮೇಲೆ ಆ ದೇಶದ ಬಗ್ಗೆ ಏನು ತಿಳಿಯಿತು ಎಂದು ಕೇಳಿಕೊಂಡರೆ ಉತ್ತರ ತಟ್ಟನೆ ಹೊಳೆಯುವುದಿಲ್ಲ.

ಈ ಮಾತನ್ನು ಇತರರ ಮೇಲೆ ಹೊರಿಸುವ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಗೆಳೆಯರು ಬಾಡಿಗೆಯ ಕಾರಿನಲ್ಲಿ ಶಿಕಾಗೊದಿಂದ ನ್ಯೂ ಆರ್ಲಿಯನ್ಸ್‌ಗೆ ಹೋದೆವು. ನಮ್ಮಲ್ಲಿಬ್ಬರಿಗೆ ಅಲ್ಲೇ ಉದ್ಯೋಗ, ಇನ್ನಿಬ್ಬರು ಇಲ್ಲಿಂದ ಹೋದ ಅತಿಥಿಗಳು. ಅವಸರವಿರಲಿಲ್ಲ, ಘನ ಉದ್ದೇಶವೂ ಇರಲಿಲ್ಲ. ಊರು ನೋಡುವುದು, ಹಸಿವಾದಲ್ಲಿ ಇಳಿದು ತಿನ್ನುವುದು, ಅಷ್ಟೆ. ಶಿಕಾಗೊದಲ್ಲಿ ಹುಟ್ಟುವ 55ನೇ ಅಂತರರಾಜ್ಯ ಹೆದ್ದಾರಿ ಸುಮಾರು 1,550 ಕಿಲೋಮೀಟರ್ ದಕ್ಷಿಣಕ್ಕೆ ಹರಿದು ನ್ಯೂ ಆರ್ಲಿಯನ್ಸ್ ಹತ್ತಿರ ಮುಗಿಯುತ್ತದೆ. ಸ್ಪ್ರಿಂಗ್‌ಫೀಲ್ಡ್, ಸೇಂಟ್ ಲೂಯಿಸ್, ಮೆಂಫಿಸ್, ಜಾಕ್ಸನ್ ಎಲ್ಲವೂ ಅದೇ ದಾರಿಯಲ್ಲಿ ಸಿಗುತ್ತವೆ. ನಾವು ದಿನವೂ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ದಿನಚರಿ ಬರೆದೆವು. ಊರಿಗೆ ಬಂದು ಅದನ್ನು ತೆರೆದಾಗ ನಾಚಿಕೆಯಾಯಿತು. ಅದರಲ್ಲಿದ್ದದ್ದು ಮೂರೇ ಸಂಗತಿ: ಎಷ್ಟು ದೂರ ಬಂದೆವು, ಏನು ನೋಡಿದೆವು, ಏನು ತಿಂದೆವು.

ನೋಡುವುದು, ತಿನ್ನುವುದು ಕೀಳು ಕೆಲಸಗಳಲ್ಲ. ಪ್ರವಾಸ ಕಥನದ ದೊರೆಯಾದ ಇಬ್ನ್ ಬತೂತ ಕೂಡ ತಿಂದದ್ದನ್ನು ಬಾಯಿ ಚಪ್ಪರಿಸಿ ಬರೆದವನೇ. ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿಯ ಸುಲ್ತಾನನ ಊಟದಲ್ಲಿ ಅನ್ನ, ತುಪ್ಪ, ಉಪ್ಪಿನಲ್ಲಿ ಹಾಕಿದ ಮೆಣಸು, ಶುಂಠಿ, ನಿಂಬೆ, ಮಾವು ಯಾವ ಕ್ರಮದಲ್ಲಿ ಬಂದವು ಎಂಬುದನ್ನೂ ಆತ ದಾಖಲಿಸಿದ್ದಾನೆ. ಆದರೆ ಅಲ್ಲಿಂದ ಮುಂದೆ ಮಲಬಾರಿನ ದಾರಿಯನ್ನು ವರ್ಣಿಸುವಾಗ ಆತ ಇನ್ನೊಂದು ಸಂಗತಿಯನ್ನೂ ಬರೆದ. ದಾರಿಯುದ್ದಕ್ಕೂ ತಂಗಲು ಮರದ ಚಾವಡಿಗಳಿದ್ದವು, ಬಾವಿಗಳಿದ್ದವು, ನೀರು ಕೊಡುವವರಿದ್ದರು. ತಮ್ಮವರಿಗೆ ಪಾತ್ರೆಯಲ್ಲಿ ಕೊಡುತ್ತಿದ್ದ ಆ ನೀರನ್ನು ಮುಸಲ್ಮಾನ ದಾರಿಹೋಕನಿಗೆ ಮಾತ್ರ ಅಂಗೈಗೆ ಹೊಯ್ಯುತ್ತಿದ್ದರು. ಊಟವನ್ನು ಬಾಳೆಯೆಲೆಯಲ್ಲಿ ಬಡಿಸುತ್ತಿದ್ದರು. ಇದನ್ನು ಆತ ಕೋಪದಿಂದ ಬರೆಯಲಿಲ್ಲ, ಕಂಡದ್ದನ್ನು ಕಂಡಂತೆ ಬರೆದ. ಆ ಚಾವಡಿಯ ತಂಪನ್ನೂ ಅಂಗೈಗೆ ಬಿದ್ದ ನೀರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದಲೇ ಆರೂವರೆ ಶತಮಾನಗಳ ನಂತರವೂ ಆ ದಾರಿ ನಮ್ಮ ಕಣ್ಣಿಗೆ ಕಟ್ಟುತ್ತದೆ.

ಪ್ರವಾಸ ಕಥನಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ ಎಂದು ನಮಗನಿಸುತ್ತದೆ. ಏನು ತಿಂದೆ ಎಂಬುದರ ಜೊತೆಗೆ, ಆ ಮೇಜಿನಲ್ಲಿ ಯಾರು ಕೂರಬಹುದು, ಯಾರು ಕೂರುವಂತಿರಲಿಲ್ಲ ಎಂಬುದನ್ನೂ ಕೇಳುವುದು. ಈ ಅಳತೆಗೋಲು ಹಿಡಿದು ನಮ್ಮ ದಿನಚರಿಯ ಪುಟಗಳನ್ನು ಒಂದೊಂದಾಗಿ ಮತ್ತೆ ಓದೋಣ.

ಮೊದಲ ಪುಟ ಶಿಕಾಗೊ. ‘110 ಅಂತಸ್ತಿನ ಕಟ್ಟಡದ 103ನೇ ಮಹಡಿಗೆ ಹೋದೆವು, ಗಾಜಿನ ನೆಲದ ಮೇಲೆ ನಿಂತು ಫೋಟೋ ತೆಗೆಸಿಕೊಂಡೆವು’ ಎಂದಿದೆ. 442 ಮೀಟರ್ ಎತ್ತರದ ಈ ಕಟ್ಟಡ 1998ರವರೆಗೂ ಜಗತ್ತಿನಲ್ಲೇ ಅತಿ ಎತ್ತರದ್ದಾಗಿತ್ತು. ಮೊದಲು ಸಿಯರ್ಸ್ ಟವರ್ ಎನ್ನುತ್ತಿದ್ದರು, 2009ರಿಂದ ವಿಲ್ಲಿಸ್ ಟವರ್. ನಾವು ಬರೆಯದೆ ಬಿಟ್ಟದ್ದು ಇದು: ಅಷ್ಟು ಎತ್ತರಕ್ಕೆ ಕಟ್ಟಡವನ್ನು ಗಾಳಿಗೆ ಅಲುಗದಂತೆ ನಿಲ್ಲಿಸುವ ಉಪಾಯ ಹುಡುಕಿದವರು ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್ ಫಜಲುರ್ ರಹಮಾನ್ ಖಾನ್. ಕೊಳವೆಗಳನ್ನು ಕಟ್ಟಾಗಿ ಕಟ್ಟಿದಂತೆ ಕಟ್ಟಡದ ಹೊರಮೈಗೇ ಭಾರ ಹೊರುವ ಕೆಲಸ ಕೊಟ್ಟವರು ಅವರು. ಕಟ್ಟಡದ ಬುಡದ ಬೀದಿಗೆ ಅವರ ಹೆಸರಿನ ಫಲಕವೂ ಇದೆ. ನಾವು ಮೇಲೆ ಹೋಗುವ ಅವಸರದಲ್ಲಿ ಅದರ ಕೆಳಗೇ ಹಾದು ಹೋಗಿದ್ದೆವು.

ಆ ದಿನ ರಾತ್ರಿ ಡೆವನ್ ಅವೆನ್ಯೂದಲ್ಲಿ ಊಟ. ನಿಹಾರಿ, ನಾನ್, ಕೊನೆಗೆ ಫಾಲೂದಾ ಎಂದು ದಿನಚರಿ ಹೇಳುತ್ತದೆ. ಒಂದೇ ರಸ್ತೆಯ ಒಂದು ತುಂಡಿಗೆ ಗಾಂಧಿ ಮಾರ್ಗ್, ಇನ್ನೊಂದು ತುಂಡಿಗೆ ಮೊಹಮ್ಮದ್ ಅಲಿ ಜಿನ್ನಾ ವೇ ಎಂಬ ಗೌರವದ ಹೆಸರಿರುವ ಊರು ಅದು. ನಮ್ಮಲ್ಲಿ ಆ ಎರಡು ಹೆಸರುಗಳನ್ನು ಒಂದೇ ರಸ್ತೆಯಲ್ಲಿ ಊಹಿಸಲೂ ಆಗದು. ನಾವು ಅದರ ಬಗ್ಗೆ ತಮಾಷೆ ಮಾಡಿ ನಕ್ಕೆವು. ಈ ರಸ್ತೆ ಇಲ್ಲಿ ಹೇಗೆ ಬಂತು ಎಂದು ಮಾತ್ರ ಯೋಚಿಸಲಿಲ್ಲ. ಆ ಪ್ರಶ್ನೆಗೆ ಉತ್ತರ ಇನ್ನೂ ದಕ್ಷಿಣದಲ್ಲಿತ್ತು.

ಎರಡನೇ ದಿನ ಸ್ಪ್ರಿಂಗ್‌ಫೀಲ್ಡ್. ಲಿಂಕನ್ ಬಾಳಿದ ಮನೆ, ಲಿಂಕನ್ ಸಮಾಧಿ. ಗುಲಾಮಗಿರಿಯ ಕೊರಳು ಮುರಿದವನ ಊರು ಎಂದು ನಾವು ಭಕ್ತಿಯಿಂದ ಬರೆದಿದ್ದೇವೆ. ಅದೇ ಊರಿನಲ್ಲಿ 1908ರ ಆಗಸ್ಟ್‌ನಲ್ಲಿ ಬಿಳಿಯರ ಗುಂಪು ಕಪ್ಪು ಜನರ ಕೇರಿಗೆ ಬೆಂಕಿಯಿಟ್ಟಿತು, ಇಬ್ಬರನ್ನು ಹಿಡಿದು ಕೊಂದಿತು. ಲಿಂಕನ್ನನ ಊರಿನಲ್ಲೇ ಹೀಗಾಯಿತಲ್ಲ ಎಂಬ ಆಘಾತದಿಂದಲೇ ಮರುವರ್ಷ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ದೊಡ್ಡ ಸಂಘಟನೆ ಎನ್‌ಎಎಸಿಪಿ ಹುಟ್ಟಿತು. ಆ ಜಾಗವನ್ನು 2024ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಸಾರಲಾಯಿತು. ಪ್ರವಾಸಿಗೆ ಮಹಾತ್ಮರ ಮನೆ ತೋರಿಸುವುದು ಎಲ್ಲ ಊರಿನವರಿಗೂ ಇಷ್ಟ. ಸುಟ್ಟ ಕೇರಿಯನ್ನು ಅತಿಥಿಯೇ ಕೇಳಿ ನೋಡಬೇಕಾಗುತ್ತದೆ.

ಈ ದಾರಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಶಿಕಾಗೊದಿಂದ ಸೇಂಟ್ ಲೂಯಿಸ್‌ವರೆಗೆ ಹೆದ್ದಾರಿಯ ಪಕ್ಕದಲ್ಲೇ ಹಳೆಯ 66ನೇ ರಸ್ತೆ ಇದೆ. 1926ರಲ್ಲಿ ಗುರುತಿಸಿ 1985ರಲ್ಲಿ ಅಧಿಕೃತ ಪಟ್ಟಿಯಿಂದ ತೆಗೆದುಹಾಕಿದ ಈ ರಸ್ತೆಯನ್ನು ಅಮೆರಿಕನ್ನರು ಸ್ವಾತಂತ್ರ್ಯದ ಸಂಕೇತವೆಂದು ಹಾಡಿ ಹೊಗಳಿದ್ದಾರೆ. ಕಾರು ಹತ್ತು, ಮನಸ್ಸು ಬಂದತ್ತ ಹೋಗು, ಹಸಿವಾದಲ್ಲಿ ನಿಲ್ಲು. ಈ ಕನಸು ನಮ್ಮನ್ನೂ ಅಲ್ಲಿಗೆ ಕರೆದೊಯ್ದಿತ್ತು. ಆದರೆ ಈ ರಸ್ತೆಯ ಸುಗ್ಗಿಯ ಕಾಲದಲ್ಲಿ ಒಂದು ಕಪ್ಪು ಕುಟುಂಬ ಇದೇ ದಾರಿಯಲ್ಲಿ ಹೊರಟರೆ ಹೇಗೆ ಹೋಗಬೇಕಿತ್ತು? ಬುತ್ತಿಯನ್ನು ಪಾದರಕ್ಷೆಯ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು, ಡಬ್ಬಿಯಲ್ಲಿ ಪೆಟ್ರೋಲ್ ತುಂಬಿಕೊಂಡು, ರಾತ್ರಿ ಕಾರಿನಲ್ಲೇ ಮಲಗುವ ತಯಾರಿ ಮಾಡಿಕೊಂಡು ಹೊರಡಬೇಕಿತ್ತು. ಸೂರ್ಯ ಮುಳುಗಿದ ಮೇಲೆ ಕಪ್ಪು ಮನುಷ್ಯ ಕಾಣಿಸಿಕೊಳ್ಳಬಾರದು ಎಂಬ ಊರುಗಳೂ ಇದ್ದವು.

ನ್ಯೂಯಾರ್ಕಿನ ಹಾರ್ಲೆಮ್‌ನ ಅಂಚೆಯವ ವಿಕ್ಟರ್ ಹ್ಯೂಗೊ ಗ್ರೀನ್ ಈ ಕಷ್ಟ ನೋಡಿ 1936ರಲ್ಲಿ ಒಂದು ಕೈಪಿಡಿ ಹೊರತಂದ. ಯಾವ ಊರಿನಲ್ಲಿ ಕಪ್ಪು ಪ್ರಯಾಣಿಕನಿಗೆ ಊಟ ಕೊಡುತ್ತಾರೆ, ಎಲ್ಲಿ ಹಾಸಿಗೆ ಸಿಗುತ್ತದೆ, ಎಲ್ಲಿ ಕ್ಷೌರ ಮಾಡುತ್ತಾರೆ ಎಂಬುದರ ಪಟ್ಟಿ ಅದು. ಮೂವತ್ತು ವರ್ಷ ಆ ‘ಗ್ರೀನ್ ಬುಕ್’ ಅಚ್ಚಾಯಿತು. ತನ್ನ ಈ ಪುಸ್ತಕ ಯಾರಿಗೂ ಬೇಡವಾಗುವ ದಿನ ಬರಲಿ ಎಂದು ಗ್ರೀನ್ ಅದರಲ್ಲೇ ಹಾರೈಸಿದ್ದ. ಲೋಕದಲ್ಲಿ ತನ್ನ ಪುಸ್ತಕದ ಅಂತ್ಯವನ್ನು ಬಯಸಿದ ಪ್ರವಾಸ ಸಾಹಿತಿ ಬಹುಶಃ ಬೇರೊಬ್ಬನಿರಲಾರ. ಇದೇ ಹೆಸರಿನ ಹಾಲಿವುಡ್ ಚಿತ್ರ 2019ರಲ್ಲಿ ಅತ್ಯುತ್ತಮ ಚಿತ್ರಕ್ಕಾಗಿ ಆಸ್ಕರ್ ಪಡೆಯಿತು. ಕಪ್ಪು ಪಿಯಾನೊ ವಾದಕನಾಗಿ ಮಹೆರ್ಶಲಾ ಅಲಿ ಸೊಗಸಾಗಿ ನಟಿಸಿದ್ದಾರೆ. ಆದರೂ ಚಿತ್ರ ಆ ಕೈಪಿಡಿಯನ್ನು ಕಾರಿನ ಸೀಟಿನ ಮೇಲೆ ಬಿಟ್ಟು, ಬಿಳಿಯ ಚಾಲಕನ ಹೃದಯ ಕರಗಿದ ಕಥೆಯನ್ನು ಹೇಳುತ್ತದೆ. ಊಟ ನಿರಾಕರಿಸಲ್ಪಟ್ಟವನಿಗಿಂತ, ಅದನ್ನು ನೋಡಿ ಒಳ್ಳೆಯವನಾದವನೇ ಅಲ್ಲಿ ಮುಖ್ಯ. ನಮ್ಮ ಪ್ರವಾಸ ಕಥನಗಳ ದೋಷವೂ ಇದಕ್ಕೆ ಹತ್ತಿರದ್ದೇ. ಅಲ್ಲೂ ದಾರಿಗಿಂತ ದಾರಿ ಕಂಡ ನಮ್ಮ ಬೆರಗೇ ದೊಡ್ಡದು.

ಸೇಂಟ್ ಲೂಯಿಸ್ ಪುಟದಲ್ಲಿ ಕಮಾನಿದೆ. ಮಿಸ್ಸಿಸಿಪ್ಪಿ ನದಿಯ ದಡದಲ್ಲಿ 192 ಮೀಟರ್ ಎತ್ತರಕ್ಕೆ ಏರಿ ಇಳಿಯುವ ಉಕ್ಕಿನ ಬಿಲ್ಲು. 1965ರಲ್ಲಿ ಪೂರ್ಣವಾಯಿತು. ಪಶ್ಚಿಮಕ್ಕೆ ಹೊರಟವರ ಹೆಬ್ಬಾಗಿಲು ಎಂದು ಅದಕ್ಕೆ ಹೆಸರು. ಒಳಗಿನ ಪುಟ್ಟ ಪೆಟ್ಟಿಗೆ ರೈಲಿನಲ್ಲಿ ಕೂತು ನೆತ್ತಿಗೆ ಹೋಗಿ ನೋಡಿದರೆ ಕೆಳಗೆ ಹಸಿರು ಗುಮ್ಮಟದ ಹಳೆಯ ನ್ಯಾಯಾಲಯ ಕಾಣುತ್ತದೆ. ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆಗಾಗಿ ಹೂಡಿದ ಮೊಕದ್ದಮೆಯ ವಿಚಾರಣೆ 1847ರಲ್ಲಿ ಮೊದಲು ನಡೆದದ್ದು ಅಲ್ಲಿ. ಹತ್ತು ವರ್ಷದ ನಂತರ ಸುಪ್ರೀಂ ಕೋರ್ಟು ಕಪ್ಪು ಮನುಷ್ಯ ಈ ದೇಶದ ಪ್ರಜೆಯೇ ಅಲ್ಲ ಎಂದು ತೀರ್ಪು ಕೊಟ್ಟಿತು. ಇನ್ನು ಕಮಾನು ಅರ್ಧ ಮೇಲೆದ್ದಿದ್ದಾಗ, 1964ರ ಜುಲೈನಲ್ಲಿ, ಒಬ್ಬ ಕಪ್ಪು ಮತ್ತು ಒಬ್ಬ ಬಿಳಿಯ ತರುಣ ಅದರ ಕಾಲನ್ನು ಹತ್ತಿ ಕೂತಿದ್ದರು. ಸರಕಾರದ ಹಣದಲ್ಲಿ ಏಳುತ್ತಿರುವ ಈ ಹೆಬ್ಬಾಗಿಲಿನ ಕಟ್ಟಡ ಕೆಲಸದಲ್ಲಿ ಕಪ್ಪು ಜನರಿಗೆ ಪಾಲೇಕಿಲ್ಲ ಎಂಬುದು ಅವರ ಪ್ರಶ್ನೆ. ನಮ್ಮ ದಿನಚರಿಯಲ್ಲಿ ಕಮಾನಿನ ಎತ್ತರವಿದೆ, ಟಿಕೆಟ್ಟಿನ ದರವಿದೆ. ಅದನ್ನು ಬೇರೊಂದು ಕಾರಣಕ್ಕೆ ಹತ್ತಿದವರ ಸುದ್ದಿಯಿಲ್ಲ.

ಮೆಂಫಿಸ್‌ನಲ್ಲಿ ನಮಗೆ ಊಟದ್ದೇ ಸಮಸ್ಯೆಯಾಯಿತು. ಬಾರ್ಬೆಕ್ಯೂಗೆ ಆ ಊರು ಜಗತ್ಪ್ರಸಿದ್ಧ, ಆದರೆ ಅಲ್ಲಿಯ ಬಾರ್ಬೆಕ್ಯೂ ಎಂದರೆ ಹಂದಿ. ಹುರುಳಿಯ ಪಲ್ಯದಲ್ಲೂ ಹಂದಿ, ಸೊಪ್ಪಿನಲ್ಲೂ ಹಂದಿ. ‘ಹಂದಿಯಿಲ್ಲದ್ದು ಏನಿದೆ ತಾಯಿ?’ ಎಂದು ನಾವು ಕೇಳಿದ್ದಕ್ಕೆ ಬಡಿಸುವ ಹೆಂಗಸು ಸ್ವಲ್ಪ ಯೋಚಿಸಿ ‘ನೀರು’ ಎಂದಳು. ಎಲ್ಲರೂ ನಕ್ಕೆವು. ಬಳಿಕ ಆಕೆಯೇ ಅಡುಗೆಮನೆಗೆ ಹೋಗಿ ವಿಚಾರಿಸಿ, ಬೇರೆ ಎಣ್ಣೆಯಲ್ಲಿ ಕರಿದ ಕ್ಯಾಟ್‌ಫಿಶ್ ಮೀನು ತಂದುಕೊಟ್ಟಳು. ಮಿಸ್ಸಿಸಿಪ್ಪಿ ಸೀಮೆಯ ಆ ಮೀನಿನ ರುಚಿಯನ್ನು ದಿನಚರಿಯಲ್ಲಿ ಅರ್ಧ ಪುಟ ಹೊಗಳಿದ್ದೇವೆ.

ಆ ಊಟ ಮುಗಿಸಿ ನಾವು ಹೋದದ್ದು ಲೊರೇನ್ ಮೋಟೆಲ್‌ಗೆ. 306ನೇ ಕೋಣೆಯ ಮುಂದಿನ ಮೊಗಸಾಲೆಯಲ್ಲಿ 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದರು. 1991ರಿಂದ ಅದು ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯ. ಕಿಂಗ್ ಆ ಊರಿಗೆ ಬಂದದ್ದು ಪೌರಕಾರ್ಮಿಕರ ಮುಷ್ಕರಕ್ಕಾಗಿ. ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ಆಶ್ರಯ ಪಡೆದಿದ್ದ ಇಬ್ಬರು ಕಾರ್ಮಿಕರನ್ನು ಅದರ ಯಂತ್ರವೇ ಜಜ್ಜಿ ಕೊಂದಿತ್ತು. ಸುಮಾರು 1,300 ಮಂದಿ ಕೆಲಸ ನಿಲ್ಲಿಸಿ, ‘ನಾನೂ ಮನುಷ್ಯ’ ಎಂಬರ್ಥದ ಫಲಕ ಹಿಡಿದು ಬೀದಿಗಿಳಿದಿದ್ದರು. ಕಿಂಗ್ ಲೊರೇನ್‌ನಲ್ಲಿ ಇಳಿದುಕೊಂಡದ್ದೂ ಆಕಸ್ಮಿಕವಲ್ಲ. ಕಪ್ಪು ದಂಪತಿ ನಡೆಸುತ್ತಿದ್ದ, ‘ಗ್ರೀನ್ ಬುಕ್’ ಪಟ್ಟಿಯಲ್ಲಿದ್ದ ತಂಗುದಾಣ ಅದು.

ಮೆಂಫಿಸ್‌ನ ಆ ಎರಡು ಗಂಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೊಂದು ವ್ಯತ್ಯಾಸ ಹೊಳೆಯಿತು. ಹಂದಿ ಮಾಂಸವನ್ನು ನಾವು ತಿನ್ನಲಿಲ್ಲ. ಅದು ನಾವೇ ಹಾಕಿಕೊಂಡ ನೇಮ. ಬೇಡ ಎಂದು ಹೇಳಿಯೂ ನಾವು ಮೇಜಿನಲ್ಲೇ ಕೂತಿದ್ದೆವು, ನಮ್ಮ ನೇಮವನ್ನು ಗೌರವಿಸಿ ಒಬ್ಬಾಕೆ ಅಡುಗೆಮನೆಗೂ ಹೋಗಿ ಬಂದಳು. ತಿನ್ನದಿರುವವನಿಗೂ ಮೇಜು ಬೇಕು. ಮೇಜಿಲ್ಲದವನಿಗೆ ಬೇಡ ಎನ್ನುವ ಹಕ್ಕೂ ಇರುವುದಿಲ್ಲ. ಊಟದ ನೇಮ ಬೇರೆ, ಊಟದ ನಿರಾಕರಣೆ ಬೇರೆ. ಹಲಾಲ್ ಎಂದೊಡನೆ ಇದೊಂದು ಪ್ರತ್ಯೇಕತೆ ಎಂದು ಮೂಗು ಮುರಿಯುವವರೂ, ನೇಮದ ಹೆಸರಿನಲ್ಲಿ ಇನ್ನೊಬ್ಬನ ತಟ್ಟೆಯನ್ನು ದೂರವಿಡುವವರೂ ಈ ವ್ಯತ್ಯಾಸವನ್ನು ಒಮ್ಮೆ ನೆನೆದರೆ ಒಳ್ಳೆಯದು.

ಮೆಂಫಿಸ್‌ನಿಂದ ಮೂರೂವರೆ ಗಂಟೆ ದಕ್ಷಿಣಕ್ಕೆ ಬಂದರೆ ಮಿಸ್ಸಿಸಿಪ್ಪಿಯ ರಾಜಧಾನಿ ಜಾಕ್ಸನ್. ನಮ್ಮ ದಿನಚರಿಯಲ್ಲಿ ಈ ಊರಿಗೆ ಎರಡೇ ಸಾಲು. ‘ಪೆಟ್ರೋಲ್ ಹಾಕಿಸಿದೆವು. ಸೆಕೆ ವಿಪರೀತ, ನೋಡುವಂಥದ್ದೇನಿಲ್ಲ.’ ಈ ಎರಡು ಸಾಲಿಗಾಗಿಯೇ ಈ ಲೇಖನ ಬರೆಯಬೇಕಾಯಿತು.

ಜಾಕ್ಸನ್ನಿಗೆ ನಮಗಿಂತ ಮೊದಲೂ ಪ್ರವಾಸಿಗರು ಬಂದಿದ್ದರು. 1961ರ ಮೇ 4ರಂದು ವಾಷಿಂಗ್ಟನ್ನಿನಿಂದ ಹದಿಮೂರು ಮಂದಿ, ಕಪ್ಪು ಮತ್ತು ಬಿಳಿಯರು ಒಟ್ಟಿಗೆ, ಬಸ್ಸು ಹತ್ತಿದರು. ನ್ಯೂ ಆರ್ಲಿಯನ್ಸ್‌ಗೆ ಹೋಗಬೇಕೆಂಬುದು ಅವರ ಯೋಜನೆಯೂ ಆಗಿತ್ತು. ದಾರಿಯ ಬಸ್ ನಿಲ್ದಾಣಗಳಲ್ಲಿ ಒಂದೇ ಬೆಂಚಿನ ಮೇಲೆ ಕೂರುವುದು, ಒಂದೇ ಕೌಂಟರಿನಲ್ಲಿ ತಿನ್ನುವುದು, ಅವರ ಕಾರ್ಯಕ್ರಮ ಇಷ್ಟೇ. ಅಲಬಾಮಾದಲ್ಲಿ ಅವರ ಬಸ್ಸಿಗೆ ಬೆಂಕಿ ಬಿತ್ತು. ಅವರ ಹಿಂದೆ ಬಂದವರನ್ನು ಜಾಕ್ಸನ್ನಿನಲ್ಲಿ ಹಿಡಿದು ಜೈಲಿಗೆ ಹಾಕಲಾಯಿತು. ಆ ಬೇಸಿಗೆಯಲ್ಲಿ ಅಲ್ಲಿ ಬಂಧಿತರಾದವರ ಸಂಖ್ಯೆ ಮುನ್ನೂರು ದಾಟಿತು. ಎರಡು ವರ್ಷದ ನಂತರ, 1963ರ ಮೇ 28ರಂದು, ಅದೇ ಊರಿನ ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಟೂಗಲೂ ಕಾಲೇಜಿನ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಹೋಗಿ ಕೂತರು. ಸುತ್ತ ನೆರೆದ ಗುಂಪು ಅವರ ತಲೆಯ ಮೇಲೆ ಕೆಚಪ್, ಸಾಸಿವೆ, ಸಕ್ಕರೆ ಸುರಿಯಿತು, ಹೊಡೆಯಿತು. ಅವರು ಎದ್ದು ಹೋಗಲಿಲ್ಲ. ಆ ಚಿತ್ರ ಇಂದಿಗೂ ನೋಡಸಿಗುತ್ತದೆ. ತಿನ್ನಲು ಕೊಡದ ಅನ್ನವನ್ನೇ ತಲೆಗೆ ಸುರಿದ ಚಿತ್ರ ಅದು.

ಇನ್ನೊಂದು ವರ್ಷ ಕಳೆದು, 1964ರ ಮೇ ತಿಂಗಳ ಕೊನೆಯಲ್ಲಿ, ಒಬ್ಬ ಭಾರತೀಯ ಪ್ರವಾಸಿ ಈ ಊರಿಗೆ ಬಂದ. ಆತ ಲೋಕಸಭೆಯ ಸದಸ್ಯ, ಹೆಸರು ರಾಮ್ ಮನೋಹರ್ ಲೋಹಿಯಾ. ಭಾರತೀಯ ಉಡುಪಿನಲ್ಲೇ ಮಾರಿಸನ್ಸ್ ಎಂಬ ಕೆಫೆಟೇರಿಯಾಕ್ಕೆ ಊಟಕ್ಕೆ ಹೋದರು. ಬಿಳಿಯರಿಗೆ ಮಾತ್ರ ಎಂದು ತಡೆದರು. ಮರುದಿನ ಮತ್ತೆ ಹೋದರು. ಹೊರಟುಹೋಗಲು ಒಪ್ಪದಿದ್ದಾಗ ಪೊಲೀಸರು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ ಆಮೇಲೆ ಬಿಟ್ಟರು. ಅಮೆರಿಕದ ವಿದೇಶಾಂಗ ಇಲಾಖೆ ಕ್ಷಮೆ ಕೇಳಿತು. ಆದರೆ ಪ್ರಶ್ನೆ ಒಬ್ಬ ಗಣ್ಯ ಅತಿಥಿಗಾದ ಅವಮಾನದ್ದಾಗಿರಲಿಲ್ಲ. ತಾವು ವಿದೇಶಿ ಎಂದು ಹೇಳಿ ಊಟ ಪಡೆಯುವುದು ಬೇಕಿದ್ದರೆ ಲೋಹಿಯಾ ಎರಡನೇ ದಿನ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಇದಾದ ಸುಮಾರು ಐದು ವಾರಕ್ಕೆ, ಜುಲೈ 2ರಂದು, ಹೋಟೆಲುಗಳಲ್ಲಿ ಬಣ್ಣ ನೋಡಿ ತಡೆಯುವುದನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು.

ಲೋಹಿಯಾ ಕನ್ನಡಕ್ಕೆ ಹೊರಗಿನವರಲ್ಲ. ಶಾಂತವೇರಿ ಗೋಪಾಲಗೌಡರ ರಾಜಕಾರಣ, ಅನಂತಮೂರ್ತಿ, ಲಂಕೇಶ್, ತೇಜಸ್ವಿಯವರ ಬರವಣಿಗೆ ಲೋಹಿಯಾ ಚಿಂತನೆಯ ನೆರಳಿನಲ್ಲಿ ಬೆಳೆದವು. ಜಾತಿಯ ಬಗ್ಗೆ ಅವರು ಹೇಳಿದ್ದನ್ನು ನಾವು ಎಷ್ಟೋ ಸಲ ಓದಿದ್ದೇವೆ. ಜಾಕ್ಸನ್ನಿನ ಕೆಫೆಟೇರಿಯಾದ ಬಾಗಿಲಲ್ಲಿ ಅವರು ನಿಂತದ್ದು ಅದೇ ಚಿಂತನೆಯ ಮುಂದಿನ ಹೆಜ್ಜೆ. ಭಾರತೀಯನೊಬ್ಬನ ಅಮೆರಿಕ ಪ್ರವಾಸದಲ್ಲಿ ನಮಗೆ ಗೊತ್ತಿರುವ ಅತಿ ದೊಡ್ಡ ಘಟನೆ ನಡೆದದ್ದು ಹೀಗೆ ಊಟ ಸಿಗದ ಒಂದು ಮಧ್ಯಾಹ್ನದಲ್ಲಿ. ಲೋಹಿಯಾರನ್ನು ಓದಿ ಬೆಳೆದ ನಾವು ಅದೇ ಊರಿನಲ್ಲಿ ತಣ್ಣನೆಯ ಶರಬತ್ತು ಕುಡಿದು ‘ನೋಡುವಂಥದ್ದೇನಿಲ್ಲ’ ಎಂದು ಬರೆದೆವು.

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಾಗ, ತಿರುವನಂತಪುರದ ಶಾಲೆಯೊಂದರಲ್ಲಿ ಅವರನ್ನು ಅಮೆರಿಕದ ಅಸ್ಪೃಶ್ಯ ಸೋದರನೆಂದು ಮಕ್ಕಳಿಗೆ ಪರಿಚಯಿಸಲಾಯಿತು. ಆ ಮಕ್ಕಳು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು. ಕೇಳಿ ಮೊದಲು ಮುಜುಗರವಾಯಿತು, ಆಮೇಲೆ ಅದು ನಿಜವೇ ಎನ್ನಿಸಿತು ಎಂದು ಕಿಂಗ್ ಮುಂದೆ ತಮ್ಮ ಪ್ರವಚನವೊಂದರಲ್ಲಿ ನೆನೆದಿದ್ದರು. ಲೋಹಿಯಾ ಅಲ್ಲಿ ಕಂಡದ್ದನ್ನು ಕಿಂಗ್ ಇಲ್ಲಿ ಕಂಡರು. ನಮ್ಮ ಹಳ್ಳಿಯ ಚಹಾದಂಗಡಿಗಳ ಎರಡು ಲೋಟದ ಪದ್ಧತಿ ಬಲ್ಲವರಿಗೆ ಜಾಕ್ಸನ್ನಿನ ಕೌಂಟರು ವಿದೇಶವೆನಿಸಬಾರದು.

ಕಾಯ್ದೆ ಬಂದ ಮೇಲೂ ಅದನ್ನು ಪ್ರಶ್ನಿಸಿದವರಿದ್ದರು. ಬರ್ಮಿಂಗ್‌ಹ್ಯಾಮ್‌ನ ಆಲೀಸ್ ಬಾರ್ಬೆಕ್ಯೂ ಎಂಬ ಹೋಟೆಲಿನವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಕಪ್ಪು ಗಿರಾಕಿಗಳಿಗೆ ಪೊಟ್ಟಣ ಕಟ್ಟಿಕೊಡುತ್ತಿದ್ದರು, ಒಳಗೆ ಕೂರಲು ಮಾತ್ರ ಬಿಡುತ್ತಿರಲಿಲ್ಲ. 1964ರ ಡಿಸೆಂಬರ್‌ನಲ್ಲಿ ಬಂದ ತೀರ್ಪಿನ ತರ್ಕ ವಿಚಿತ್ರವಾಗಿದೆ. ಹೋಟೆಲಿನ ಮಾಂಸ ಬೇರೆ ರಾಜ್ಯದಿಂದ ಬರುತ್ತದೆ, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ ಸಂಸತ್ತಿನ ಅಧಿಕಾರಕ್ಕೆ ಸೇರಿದ್ದು, ಆದ್ದರಿಂದ ಕಾಯ್ದೆ ಈ ಹೋಟೆಲಿಗೂ ಅನ್ವಯ. ಮನುಷ್ಯನಿಗೆ ಮೇಜಿನ ಹಕ್ಕು ಸಿಕ್ಕಿದ್ದು, ಮಾಂಸ ದಾರಿಯಲ್ಲಿ ಪ್ರಯಾಣ ಮಾಡಿ ಬಂದಿತ್ತು ಎಂಬ ಆಧಾರದ ಮೇಲೆ! ಹೆದ್ದಾರಿಯ ಬದಿಯ ಪ್ರತಿಯೊಂದು ಊಟದ ಹಿಂದೆ ಇಷ್ಟು ಕಥೆಯಿದೆ.

ಪ್ರವಾಸದ ಕೊನೆಯ ಊರು ನ್ಯೂ ಆರ್ಲಿಯನ್ಸ್. ಸಕ್ಕರೆ ಪುಡಿ ಉದುರಿಸಿದ ಬೇನ್ಯೆ, ಸೀಗಡಿ ಹಾಕಿದ ಗಂಬೊ. ಗಂಬೊ ಎಂಬ ಹೆಸರು ಬಂದದ್ದು ಬೆಂಡೆಕಾಯಿಗಿರುವ ಆಫ್ರಿಕದ ಪದದಿಂದ. ಗುಲಾಮರ ಹಡಗಿನ ಜೊತೆ ಸಾಗರ ದಾಟಿದ ಬೆಂಡೆ ಆ ಊರಿನ ಹೆಮ್ಮೆಯ ಸಾರಾಗಿದೆ. ಡೂಕಿ ಚೇಸ್ ಎಂಬ 1941ರ ಹೋಟೆಲಿನ ಮಹಡಿಯಲ್ಲಿ ಕಪ್ಪು ಮತ್ತು ಬಿಳಿಯ ಹೋರಾಟಗಾರರು ಕಾನೂನು ಮುರಿದು ಒಟ್ಟಿಗೆ ಗಂಬೊ ತಿನ್ನುತ್ತಾ ಸಭೆ ಸೇರುತ್ತಿದ್ದರು. ಅವರಿಗೆ ಬಡಿಸಿದ ಲಿಯಾ ಚೇಸ್ 2019ರಲ್ಲಿ ತೀರಿಕೊಂಡರು. ಅದೇ ಊರಿನಲ್ಲಿ 1892ರಲ್ಲಿ ಬಿಳಿಯರ ರೈಲು ಡಬ್ಬಿಯಲ್ಲಿ ಕೂತು ಬಂಧನಕ್ಕೊಳಗಾದ ಹೋಮರ್ ಪ್ಲೆಸ್ಸಿಯ ಪ್ರಕರಣದಲ್ಲೇ ‘ಬೇರೆ ಬೇರೆ, ಆದರೆ ಸಮಾನ’ ಎಂಬ ಕುಖ್ಯಾತ ನ್ಯಾಯ ಹುಟ್ಟಿದ್ದು. ಪ್ಲೆಸ್ಸಿಗೆ ಕ್ಷಮಾದಾನ ಸಿಕ್ಕಿದ್ದು 2022ರಲ್ಲಿ.

ನಾವು ಆ ಊರನ್ನು ಪ್ರವೇಶಿಸಿದ್ದು ಎತ್ತರದ ಕಂಬಗಳ ಮೇಲಿನ ಹೆದ್ದಾರಿಯಿಂದ. ‘ಏನು ವೇಗ, ಏನು ಸಲೀಸು’ ಎಂದು ದಿನಚರಿ ಉದ್ಗರಿಸಿದೆ. ಆ ಹೆದ್ದಾರಿಯ ಕೆಳಗಿದ್ದದ್ದು ಕ್ಲೇಬೋರ್ನ್ ಅವೆನ್ಯೂ, ಟ್ರೆಮೆ ಎಂಬ ಹಳೆಯ ಕಪ್ಪು ಬಡಾವಣೆಯ ಮುಖ್ಯ ಬೀದಿ. ಸಾಲು ಓಕ್ ಮರಗಳಿದ್ದ, ಅಂಗಡಿ ಮುಂಗಟ್ಟುಗಳಿದ್ದ, ಹಬ್ಬಕ್ಕೆ ಜನ ಸೇರುತ್ತಿದ್ದ ಆ ಬೀದಿಯ ಮರಗಳನ್ನು 1966ರಲ್ಲಿ ಕಡಿದು ಮೇಲೆ ಹೆದ್ದಾರಿ ಹಾಯಿಸಿದರು. 1956ರ ಹೆದ್ದಾರಿ ಕಾಯ್ದೆ ದೇಶಕ್ಕೆಲ್ಲ ಸಲೀಸು ದಾರಿ ಕೊಟ್ಟಿತು. ಆ ದಾರಿ ಊರೊಳಗೆ ಬರುವಾಗ ಎಷ್ಟೋ ಕಡೆ ಕಪ್ಪು ಜನರ ಕೇರಿಯನ್ನೇ ಸೀಳಿಕೊಂಡು ಬಂತು.

ಅದೇ ಟ್ರೆಮೆಯಲ್ಲಿ ನಮ್ಮವರೂ ಇದ್ದರು ಎಂಬುದು ನಮಗೆ ತಿಳಿದದ್ದು ಊರಿಗೆ ಮರಳಿದ ಮೇಲೆ, ವಿವೇಕ್ ಬಾಲ್ಡ್ 2013ರಲ್ಲಿ ಪ್ರಕಟಿಸಿದ ‘ಬೆಂಗಾಲಿ ಹಾರ್ಲೆಮ್’ ಓದಿದಾಗ. 1880ರ ದಶಕದಿಂದಲೇ ಬಂಗಾಳದ ಹೂಗ್ಲಿ ಸೀಮೆಯ ಮುಸ್ಲಿಂ ವ್ಯಾಪಾರಿಗಳು ಚಿಕನ್ ಕಸೂತಿಯ ಬಟ್ಟೆ ಹೊತ್ತು ಅಮೆರಿಕದ ಊರೂರು ತಿರುಗುತ್ತಿದ್ದರು. ಬೇಸಿಗೆಯಲ್ಲಿ ನ್ಯೂ ಜೆರ್ಸಿಯ ಕಡಲತೀರ, ಚಳಿಗಾಲದಲ್ಲಿ ನ್ಯೂ ಆರ್ಲಿಯನ್ಸ್. ‘ಪೂರ್ವದೇಶದ ಸರಕು’ ಎಂದರೆ ಬಿಳಿಯ ಗ್ರಾಹಕರಿಗೆ ಮೋಹ, ಸರಕು ತಂದವನಿಗೆ ಮಾತ್ರ ನೆರೆಮನೆಯಲ್ಲಿ ಜಾಗವಿರಲಿಲ್ಲ. ಅವರಿಗೆ ಮನೆ ಕೊಟ್ಟದ್ದು, ಹೆಣ್ಣು ಕೊಟ್ಟದ್ದು, ಮಕ್ಕಳನ್ನು ತಮ್ಮವರೆಂದು ಸಾಕಿದ್ದು ಟ್ರೆಮೆಯ ಕಪ್ಪು ಜನ. ಅಮೆರಿಕದ ನಗರಗಳನ್ನು ಸುತ್ತಿದ ಮೊದಲ ಭಾರತೀಯರಲ್ಲಿ ಈ ಬಡ ಮುಸಾಫಿರರೂ ಸೇರುತ್ತಾರೆ. ಅವರು ಪ್ರವಾಸ ಕಥನ ಬರೆಯಲಿಲ್ಲ.

ಶಿಕಾಗೊದಲ್ಲಿ ಬಾಕಿ ಉಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. 1946ರ ಕಾನೂನಿನಂತೆ ಭಾರತೀಯರಿಗೆ ವರ್ಷಕ್ಕೆ ಕೇವಲ ನೂರು ವಲಸೆ ವೀಸಾ ಸಿಗುತ್ತಿತ್ತು. ಆ ಬಾಗಿಲನ್ನು ಅಗಲವಾಗಿ ತೆರೆದದ್ದು 1965ರ ವಲಸೆ ಕಾಯ್ದೆ. ಜನಾಂಗ ನೋಡಿ ಮನುಷ್ಯರನ್ನು ತೂಗುವುದು ತಪ್ಪು ಎಂಬ ಒತ್ತಡವನ್ನು ಆ ದೇಶದ ಮೇಲೆ ತಂದವರು ಜಾಕ್ಸನ್ನಿನ ಕೌಂಟರಿನಲ್ಲಿ ಕೆಚಪ್ ಸುರಿಸಿಕೊಂಡು ಕೂತಿದ್ದಂಥ ಮಂದಿ. ಡೆವನ್ ಅವೆನ್ಯೂದ ನಿಹಾರಿ, ನಮ್ಮ ಎಂಜಿನಿಯರರ ಗ್ರೀನ್ ಕಾರ್ಡ್, ತಂದೆತಾಯಂದಿರ ಆರು ತಿಂಗಳ ವೀಸಾ, ಕನ್ನಡಿಗರ ಮನೆಯ ಅನ್ನ ಸಾರು ಎಲ್ಲದರ ಮೇಲೂ ಆ ಋಣವಿದೆ. ಅದನ್ನು ನಾವು ತೀರಿಸಿದ ರೀತಿಯನ್ನು ಮೀರಾ ನಾಯರ್ 1991ರ ‘ಮಿಸ್ಸಿಸಿಪ್ಪಿ ಮಸಾಲಾ’ ಚಿತ್ರದಲ್ಲಿ ತೋರಿಸಿದ್ದಾರೆ. ಮಿಸ್ಸಿಸಿಪ್ಪಿಯ ಮೋಟೆಲಿನಲ್ಲಿ ಬದುಕು ಕಟ್ಟಿಕೊಂಡ ಗುಜರಾತಿ ಬಂಧುಬಳಗ, ತಮ್ಮ ಹುಡುಗಿ ಕಪ್ಪು ಹುಡುಗನನ್ನು ಪ್ರೀತಿಸಿದಾಗ ಹೇಗೆ ಉರಿದೇಳುತ್ತದೆ ಎಂಬುದೇ ಅದರ ಕಥೆ. ನಮ್ಮ ಕಾರಿನಲ್ಲೂ ಊರೊಂದರ ಹೊರವಲಯ ಬಂದಾಗ ಯಾರೋ ‘ಇದು ಅವರ ಏರಿಯಾ, ಗಾಜ್ಲು ಏರಿಸಿ’ ಎಂದದ್ದುಂಟು. ಗಾಜು ಏರಿಸಿದೆವು. ಅದೂ ದಿನಚರಿಯಲ್ಲಿಲ್ಲ.

ಹಾಗಾದರೆ ಪ್ರವಾಸಿ ಹೋದಲ್ಲೆಲ್ಲ ದುಃಖವನ್ನೇ ಹುಡುಕಬೇಕೆ, ಕಮಾನು ನೋಡಿ ಖುಷಿಪಡಬಾರದೆ ಎಂದು ಓದುಗರು ಕೇಳಬಹುದು. ಖಂಡಿತ ಖುಷಿಪಡಬೇಕು. ಕೊಲೆಯಾದ ಮೊಗಸಾಲೆಯ ಮುಂದೆ ಫೋಟೋ ತೆಗೆಸಿಕೊಳ್ಳುವ ಶೋಕದ ಪ್ರವಾಸವೂ ಈಗ ಒಂದು ಫ್ಯಾಷನ್ನೇ. ಅದು ನಮಗೆ ಬೇಕಿಲ್ಲ. ವೂಲ್‌ವರ್ತ್‌ನಲ್ಲಿ ಕೂತವರು ಬಯಸಿದ್ದು ಕಣ್ಣೀರನ್ನಲ್ಲ, ಒಂದು ಊಟವನ್ನು. ಹಸಿವಾದಲ್ಲಿ ಇಳಿದು, ಯಾರ ಅಪ್ಪಣೆಯೂ ಇಲ್ಲದೆ ಕೂತು, ಇಷ್ಟವಾದದ್ದನ್ನು ತಿಂದು, ಬೇಡವಾದದ್ದನ್ನು ಬೇಡವೆಂದು ಹೇಳಿ ಎದ್ದು ಬರುವುದು. ನಾವು ನಾಲ್ವರು ಆರೂ ಊರಿನಲ್ಲಿ ಮಾಡಿದ್ದು ಅದನ್ನೇ. ತಿಂದದ್ದನ್ನು ಬರೆದದ್ದರಲ್ಲಿ ದೋಷವಿರಲಿಲ್ಲ. ಆ ಮೇಜು ಮೊದಲಿನಿಂದಲೂ ನಮಗಾಗಿ ಹಾಗೆಯೇ ಇತ್ತು ಎಂದು ಭಾವಿಸಿದ್ದರಲ್ಲಿ ಇತ್ತು.

ನೋಟ್‌ಬುಕ್ಕಿನ ಜಾಕ್ಸನ್ ಪುಟದಲ್ಲಿ ಎರಡು ಸಾಲಿನ ಕೆಳಗೆ ಜಾಗ ಖಾಲಿಯಿತ್ತು. ಅಲ್ಲಿ ಈಗ ಹೀಗೆ ಸೇರಿಸಿದ್ದೇವೆ: ‘ಇಲ್ಲಿ ನಮಗೆ ನೀರನ್ನು ಲೋಟದಲ್ಲಿ ಕೊಟ್ಟರು.’